ಶರಾವತಿಯ ಸೇತುವೆಗೆ ಹಣ ಎಲ್ಲಿಂದ ಬಂತು?

ಸಿದ್ದಾಪುರ ಸೀಮೆಯ ದೊಡ್ಮನೆಯಿಂದ ಕುಮಟೆಗೆ ಘಟ್ಟ ಇಳಿಯುತ್ತಿದ್ದೀರಿ. ಅಡಿಕೆ ತೋಟದ ತಂಪು ಹಿಂದೆ ಉಳಿದು, ಒಂದೊಂದೇ ತಿರುವಿಗೆ ಕರಾವಳಿಯ ಸೆಖೆ ಮೈಗೆ ತಾಗುತ್ತದೆ. ಕುಮಟೆಯಲ್ಲಿ ಮಂಗಳೂರು ಕಡೆಯ ರೈಲು ಹತ್ತಿ ಕಿಟಕಿ ಪಕ್ಕ ಕೂರಿ. ಹೊನ್ನಾವರ ದಾಟುತ್ತಿದ್ದಂತೆ ಚಕ್ರದ ಸದ್ದು ಬದಲಾಗುತ್ತದೆ. ಕೆಳಗೆ ಶರಾವತಿ. ಎರಡು ಕಿಲೋಮೀಟರ್ ದಾಟುವ ಈ ಸೇತುವೆ ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಕಂಬಗಳನ್ನು ಎಣಿಸುತ್ತಾ ಹೋಗುವಾಗ ನನ್ನದೊಂದು ಪ್ರಶ್ನೆ ನಿಮ್ಮ ಜೊತೆಗಿರಲಿ: ಇದಕ್ಕೆ ಸಾಲ ಕೊಟ್ಟವರು ಯಾರು?

ಉತ್ತರಕ್ಕೆ 1990ರ ದೆಹಲಿಗೆ ಬನ್ನಿ. ಯೋಜನಾ ಆಯೋಗದ ಉಪಾಧ್ಯಕ್ಷರ ಕುರ್ಚಿಯಲ್ಲಿರುವವರು ರಾಮಕೃಷ್ಣ ಹೆಗಡೆ. 1926ರಲ್ಲಿ ಹುಟ್ಟಿದ್ದು ನೀವೀಗ ಬಿಟ್ಟು ಬಂದ ದೊಡ್ಮನೆಯಲ್ಲೇ. ರೈಲ್ವೆ ಮಂತ್ರಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಹಣಕಾಸು ಮಂತ್ರಿ ಮಧು ದಂಡವತೆ, ಕೊಂಕಣದ ರಾಜಾಪುರದಿಂದ ಗೆದ್ದು ಬಂದವರು. ಕರಾವಳಿಗೆ ರೈಲು ಬೇಕೆಂಬ ಕೂಗು ಹಳೆಯದು, ಆದರೆ ರೈಲ್ವೆ ಬಜೆಟ್ಟಿನಲ್ಲಿ ಅದಕ್ಕೆ ಹಣವಿಲ್ಲ. ರೈಲ್ವೆ ಮಂಡಳಿಯ ಎಂಜಿನಿಯರ್ ಇ. ಶ್ರೀಧರನ್ ಒಂದು ದಾರಿ ತೋರಿಸುತ್ತಾರೆ: ಬೇರೆಯದೇ ನಿಗಮ ಮಾಡಿ, ಲಾಭ ಪಡೆಯುವ ರಾಜ್ಯಗಳು ಪಾಲು ಹಾಕಲಿ, ಉಳಿದದ್ದನ್ನು ಬಾಂಡ್ ಮಾರಿ ಎತ್ತೋಣ.

ಸಾಲದ ಮೇಲೆ ರೈಲು ಹಾಕುವುದೆಂದರೆ ಹುಡುಗಾಟವಲ್ಲ. ಅಡವಿಟ್ಟದ್ದೇನು, ಸಾಲಿಗನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದರ ಮೇಲೆ ರಾಜ್ಯಗಳೇ ಬಿದ್ದಿವೆ. ಅದನ್ನು ಕಾಣಬೇಕಾದರೆ ಇನ್ನೂ ಸುಮಾರು 80 ವರ್ಷ ಹಿಂದೆ, ಚೀನಾದ ಪೀಕಿಂಗಿಗೆ ಹೋಗಬೇಕು.

1911ರ ಮೇ 20. ಮೇಜಿನ ಈಚೆ ಚಿಂಗ್ ದೊರೆತನದ ಮಂತ್ರಿ ಶೆಂಗ್ ಶ್ವಾನ್‌ಹ್ವಾಯ್. ಆಚೆ ಬ್ರಿಟನ್, ಜರ್ಮನಿ, ಫ್ರಾನ್ಸ್, ಅಮೆರಿಕದ ಬ್ಯಾಂಕುಗಳ ಕೂಟ: ಹಾಂಕಾಂಗ್ ಅಂಡ್ ಶಾಂಘೈ ಬ್ಯಾಂಕ್, ಡಾಯ್ಚ್ ಏಷ್ಯಾಟಿಷೆ ಬ್ಯಾಂಕ್, ಬಾಂಕ್ ದ ಲ್ಯಾಂಡೋಶಿನ್, ಮಾರ್ಗನ್ ಮತ್ತು ಸಂಗಡಿಗರು. ಚೌಕಾಸಿ ಎರಡು ವರ್ಷದ್ದು. 1909ರಲ್ಲಿ ಹಿರಿಯ ಅಧಿಕಾರಿ ಝಾಂಗ್ ಝಿದೊಂಗ್ ಮೂರು ದೇಶದ ಬ್ಯಾಂಕುಗಳ ಜೊತೆ ರೈಲು ಸಾಲದ ಮಾತು ಮುಗಿಸಿದ್ದರು. ಆಗ ಅಮೆರಿಕದ ಅಧ್ಯಕ್ಷ ಟ್ಯಾಫ್ಟ್ ನೇರವಾಗಿ ರಾಜಪ್ರತಿನಿಧಿಗೇ ತಂತಿ ಕಳಿಸಿ ತಮ್ಮವರಿಗೂ ಪಾಲು ಬೇಕೆಂದರು. ಸಾಲ ಬೇಕಾದವನ ಮನೆಗೆ ಸಾಲ ಕೊಡುವವರೇ ನುಗ್ಗಿ ಜಗಳವಾಡಿದ ಹೊತ್ತು ಅದು. ಈಗ ಸಹಿ ಬೀಳುತ್ತಿದೆ: 60 ಲಕ್ಷ ಪೌಂಡ್, ಶೇ. 5 ಬಡ್ಡಿ, 40 ವರ್ಷ. ಅಡವು, ಹುಬೈ ಮತ್ತು ಹುನಾನ್ ಪ್ರಾಂತ್ಯಗಳ ಸಾಗಣೆ ಸುಂಕ ಹಾಗೂ ಉಪ್ಪಿನ ತೆರಿಗೆ. ಮುಖ್ಯ ಎಂಜಿನಿಯರುಗಳೂ ಸಾಲ ಕೊಟ್ಟ ದೇಶಗಳವರೇ.

ಇದಕ್ಕೆ ದಾರಿ ಮಾಡಲು ಆ ತಿಂಗಳಲ್ಲೇ ಸರ್ಕಾರ ಪ್ರಾಂತ್ಯಗಳ ರೈಲು ಮಾರ್ಗಗಳನ್ನು ತನ್ನ ವಶ ಮಾಡಿಕೊಂಡಿತ್ತು. ಸಿಚುವಾನಿನ ರೈತರ ಗೇಣಿ ಭತ್ತದ ಮೇಲೆ ವಂತಿಗೆ ಎತ್ತಿ ಕಟ್ಟಿದ ಕಂಪನಿಯೂ ಅದರಲ್ಲಿ ಸೇರಿತ್ತು. ಆ ಪ್ರಾಂತ್ಯದ ಚೆಂಗ್ದುವಿನ ಬೀದಿಯಲ್ಲಿ ನಿಂತು ನೋಡಿ: ಅಂಗಡಿ ಮುಚ್ಚಿವೆ, ಶಾಲೆ ಮುಚ್ಚಿವೆ. ಸೆಪ್ಟೆಂಬರ್ 7ರಂದು ಗುಂಡು ಹಾರುತ್ತದೆ. ಅಲ್ಲಿನ ದಂಗೆ ಅಡಗಿಸಲು ಹುಬೈನ ಸೈನ್ಯ ಹೊರಡುತ್ತದೆ. ಅಕ್ಟೋಬರ್ 10ಕ್ಕೆ ಆ ಹುಬೈನ ವುಚಾಂಗಿನಲ್ಲೇ ಬಂಡಾಯ. 1912ರ ಫೆಬ್ರುವರಿ 12ಕ್ಕೆ ಸಿಂಹಾಸನವೇ ಇಲ್ಲ.

ನಮ್ಮಲ್ಲೂ ಪರದೇಶದ ಸಾಲದ ರೈಲು ಓಡಿದೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹರಿಹರದವರೆಗೆ ಹಳಿ ಹಾಕಲು ಮೈಸೂರು ಸರ್ಕಾರ ತನ್ನ ರೈಲನ್ನು ಸದರ್ನ್ ಮರಾಠಾ ಕಂಪನಿಗೆ ಒಪ್ಪಿಸಿತು. ಹಣ ಲಂಡನ್ನಿನಲ್ಲಿ ಎತ್ತಿದ್ದು. ತೋಟದ ಫಸಲನ್ನು ಕೊಯ್ಲಿಗೆ ಮೊದಲೇ ಬರೆದುಕೊಟ್ಟರೆ ಏನಾಗುತ್ತದೆಂದು ಶಿರಸಿ ಸೀಮೆಯವರಿಗೆ ನಾನು ಹೇಳಬೇಕಿಲ್ಲ.

ದೆಹಲಿಗೆ ಮರಳಿ. ಹೆಗಡೆ, ದಂಡವತೆ ಇಬ್ಬರೂ ಒಪ್ಪುತ್ತಾರೆ. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ನೋಂದಣಿಯಾಗುತ್ತದೆ. ರೈಲ್ವೆಯ ಪಾಲು ಶೇ. 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6. ಉಳಿದ ಹಣದ ಬಹುಪಾಲು ಬಾಂಡಿನಿಂದ, ಈ ದೇಶದವರದೇ ಉಳಿತಾಯದಿಂದ. ಯಾವ ಜಿಲ್ಲೆಯ ಸುಂಕವನ್ನೂ ಬರೆದುಕೊಡಲಿಲ್ಲ. ಪೀಕಿಂಗಿನ ಮೇಜಿಗೂ ದೆಹಲಿಯ ಮೇಜಿಗೂ ಇರುವ ಅಂತರ ಇದು, ಮತ್ತು ಇದು ಸಣ್ಣದಲ್ಲ.

ಬಡ್ಡಿ ಮಾತ್ರ ಯಾರನ್ನೂ ಬಿಡುವುದಿಲ್ಲ. 1998ರ ಜನವರಿಯಲ್ಲಿ ಮಾರ್ಗ ಪೂರ್ತಿಯಾಗುವಾಗ ಖರ್ಚು 3,500 ಕೋಟಿ ದಾಟಿತ್ತು. ಪ್ರಯಾಣಿಕರ ಟಿಕೆಟಿನಲ್ಲಿ ದೂರವನ್ನೇ ಶೇ. 40 ಹೆಚ್ಚಿಸಿ ಲೆಕ್ಕ ಹಾಕಿದರು. ಹಾಗಾಗಿ ಹೊನ್ನಾವರದ ಮೀನು ಮಾರುವವಳೂ ಆ ಸಾಲ ತೀರಿಸಿದ್ದಾಳೆ. ಕೊನೆಗೆ ಕೇಂದ್ರವೇ ಕೈಹಿಡಿದು ಸಾಲವನ್ನು ಷೇರಾಗಿ ಬದಲಿಸಬೇಕಾಯಿತು. ಆದರೂ ಆ ನಿರ್ಧಾರ ಸರಿಯಾದದ್ದೆಂದೇ ನನ್ನ ತೀರ್ಮಾನ. ಹೊರೆ ನಮ್ಮದು, ಹಳಿಯೂ ನಮ್ಮದೇ ಉಳಿಯಿತು.

ಹೆಗಡೆಯವರ ಸಿದ್ದಾಪುರಕ್ಕೆ, ಶಿರಸಿಗೆ, ಯಲ್ಲಾಪುರಕ್ಕೆ ರೈಲು ಇನ್ನೂ ಬಂದಿಲ್ಲ. ಯಲ್ಲಾಪುರದ ಮೇಲೆ ಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ಪ್ರಶ್ನೆಯಲ್ಲಿ ನಿಂತಿದೆ. ಅದರ ಮಾತು ಮುಂದೆ ನಿಮ್ಮೂರಿನ ಸಭೆಗೆ ಬಂದಾಗ, ಎಷ್ಟು ಮರ ಹೋಗುತ್ತದೆಂದು ಕೇಳಿ. ಹಣ ಯಾರದು, ಯಾವ ಕರಾರಿಗೆ ಎಂದೂ ಕೇಳಿ.