ಭಾರವೆಲ್ಲ ಗೋಪಾಲಸ್ವಾಮಿಯ ಮೇಲೆ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಬಂಡೀಪುರದ ಕಾಡು ಶುರುವಾಗುವ ಮುನ್ನವೇ ಹಂಗಳ ಸಿಗುತ್ತದೆ. ಅಲ್ಲಿ ಬಲಕ್ಕೆ ಹೊರಳಿದರೆ ಎದುರಿಗೇ ಮಂಜು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಎತ್ತರ 1,454 ಮೀಟರ್. ಸ್ವಂತ ವಾಹನಗಳಿಗೆ ತಪ್ಪಲಿನಲ್ಲೇ ತಡೆ. ಅಲ್ಲಿಂದ ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸೇ ಗತಿ.

ಬಸ್ಸು ಹತ್ತುವ ಮುನ್ನ ತಪ್ಪಲಿನ ಹೊಲಗಳತ್ತ ಒಮ್ಮೆ ಕಣ್ಣು ಹಾಯಿಸಿ. ಸೂರ್ಯಕಾಂತಿ, ಜೋಳ, ಅರಿಶಿನ, ಚೆಂಡುಹೂವಿನ ನಡುವೆ ಅಲ್ಲಲ್ಲಿ ಅಟ್ಟಣೆಗಳು. ರೈತ ರಾತ್ರಿಯಿಡೀ ಅಲ್ಲಿ ಕೂತು ಫಸಲು ಕಾಯುತ್ತಾನೆ. ಆನೆ ಕಂದಕ, ಸೋಲಾರ್ ಬೇಲಿ, ರೈಲು ಹಳಿಯ ತಡೆ, ತಮಟೆ, ಪಟಾಕಿ ಹೀಗೆ ಮನುಷ್ಯನ ಕೈಲಾದದ್ದೆಲ್ಲ ಆಗಿದೆ. ಆದರೂ ಆನೆ ಬರುತ್ತದೆ. ಹಿಂಡೊಂದು ನುಗ್ಗಿದರೆ ತಿಂಗಳುಗಳ ದುಡಿಮೆ ಒಂದೇ ರಾತ್ರಿಗೆ ಮಣ್ಣುಪಾಲು.

ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರು ಮಡಿಲಲ್ಲಿ ಹೂವು, ತೆಂಗಿನಕಾಯಿ ಇಟ್ಟುಕೊಂಡಿದ್ದರು. ಹೊಲ ತಪ್ಪಲಿನಲ್ಲೇ ಅಂತೆ. ರಾತ್ರಿ ನಿದ್ದೆಗೆಟ್ಟ ಕಣ್ಣು. 'ಆನೆ ಬಂದರೆ ಏನು ಮಾಡ್ತೀರಿ?' ಎಂದೆ.

'ಕೂಗ್ತೀವಿ, ತಮಟೆ ಹೊಡೀತೀವಿ. ಅದರ ಮುಂದೆ ನಮ್ಮ ಬಲ ಎಷ್ಟು ಸಾಮಿ? ಕಾಯೋದು ನಮ್ಮ ಕೆಲ್ಸ, ಕಾಪಾಡೋದು ಗೋಪಾಲಸಾಮಿ ಕೆಲ್ಸ' ಎಂದರು.

ಬೆಟ್ಟದ ಮೇಲೆ ಗಾಳಿಯದೇ ರಾಜ್ಯ. ಗುಡಿಯೊಳಗೆ ಕೊಳಲೂದುವ ವೇಣುಗೋಪಾಲ. ಗರ್ಭಗುಡಿಯ ಬಳಿ ಮೇಲಿನಿಂದ ಜಿನುಗುವ ತಣ್ಣನೆಯ ನೀರೇ ಇಲ್ಲಿ ತೀರ್ಥ. ಮೈಸೂರು ಅರಸರ ಕಾಲದಲ್ಲಿ, 1931ರಲ್ಲಿ, ರಕ್ಷಿತ ವನ್ಯಧಾಮವಾದ ಕೆಳಗಿನ ಕಾಡಿಗೂ ಈ ದೇವರದೇ ಹೆಸರು, ವೇಣುಗೋಪಾಲ ಉದ್ಯಾನ. 1973ರಲ್ಲಿ ಹುಲಿ ಯೋಜನೆ ಬಂದ ಮೇಲೆ ಬಂಡೀಪುರದ ಹೆಸರೇ ಉಳಿಯಿತು.

2019ರ ಫೆಬ್ರುವರಿಯಲ್ಲಿ ಈ ಬೆಟ್ಟದ ಸಾಲಿಗೂ ಬೆಂಕಿ ಬಿದ್ದಿತ್ತು. ಅರಣ್ಯ ಸಿಬ್ಬಂದಿ, ಸ್ವಯಂಸೇವಕರು ಹಸಿಸೊಪ್ಪಿನಲ್ಲಿ ಬಡಿದರು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದವು. ಆ ಬೇಸಿಗೆಯಲ್ಲಿ ಬೆಂಕಿಯ ಎದುರು ನಿಂತವರೂ ಸೊಪ್ಪು ಬೀಸುತ್ತಲೇ ಆಕಾಶದತ್ತ ನೋಡಿರಬೇಕು.

ಈ ಗುಡಿಯ ಅಂಗಳಕ್ಕೆ ಕಾಡಾನೆಯೂ ಬಂದು ನಿಲ್ಲುವುದುಂಟು. ನನಗೆ ಥಟ್ಟನೆ ಅನ್ನಿಸಿದ್ದು ಇದು: ಬೆಳೆ ಬೆಳೆದವನೂ, ಬೆಳೆ ತಿಂದ ಆನೆಯೂ ಒಬ್ಬನದೇ ಬಾಗಿಲಿಗೆ ಬಂದರೆ ದೇವರು ಯಾರ ಪರ?

ಮಂಗಳಾರತಿ ಮುಗಿಸಿ ಬಂದ ಹಿರಿಯರನ್ನು ಕೇಳಿಯೇಬಿಟ್ಟೆ, 'ಆನೆ ಬರದಿರಲಿ ಅಂತ ಬೇಡಿಕೊಂಡಿರಾ?'

ಅವರು ನಕ್ಕರು. 'ಅದೂ ಅವನದೇ ಅಲ್ವ? ಬರಬ್ಯಾಡ ಅಂದ್ರೆ ಎಲ್ಲಿಗೋದಾತು? ನಮಗೂ ಒಸಿ ಉಳಿಸಪ್ಪ ಅಂತ ಕೇಳ್ಕಂಡೆ.'

ಸಂಜೆಯ ಕೊನೆಯ ಬಸ್ಸಿಗೆ ಕಾಯದೆ ಅವರು ಬೇಗನೆ ಇಳಿದು ಹೊರಟರು. ಕತ್ತಲಾಗುವುದರೊಳಗೆ ಅಟ್ಟಣೆ ಹತ್ತಬೇಕಿತ್ತು.