ಹಟ್ಟಿಯ ಬಂಗಾರ, ಬಂದರಿನ ಸುಂಕ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಂತಾಗಲೆಲ್ಲ ನನಗೆ ಬೀಡನ್ ಸಾಹೇಬರ ನೆನಪಾಗುತ್ತದೆ. ೧೯೧೫ರಲ್ಲಿ ಈ ಗಣಿ ಎಂಜಿನಿಯರು ಚಿನ್ನವನ್ನು ಹುಡುಕುತ್ತ ಇಲ್ಲಿಗೆ ಬಂದರು. ಸಿಕ್ಕಿದ್ದು ಅಶೋಕನ ಶಾಸನ. ಹುಡುಕಿದ್ದಕ್ಕಿಂತ ಹೆಚ್ಚಿನದು ದೊರೆಯುವ ಇಂಥ ಭಾಗ್ಯ ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ನಾನೂ ನನ್ನ ತಂಗಿಯೂ ಅದೇ ದಾರಿಯಲ್ಲಿ ಬಂಗಾರಕ್ಕೆಂದು ಹೋದ ಕಥೆಯೇ ಬೇರೆ.

೨೦೨೪ರ ಜುಲೈ ನಡುಭಾಗ. ಸೋದರ ಸೊಸೆಯ ಮದುವೆ ಗೊತ್ತಾಗಿತ್ತು. ತಂಗಿಯ ಸೆರಗಿನ ಗಂಟಿನಲ್ಲಿ (ಈಗ ಸೆರಗಿನ ಗಂಟೆಂದರೆ ಬ್ಯಾಂಕಿನ ಪಾಸ್‌ಬುಕ್ಕು) ಭತ್ತ ಮಾರಿದ ದುಡ್ಡಿತ್ತು. ಲಿಂಗಸುಗೂರಿನಲ್ಲಿ ನಮ್ಮ ತಂದೆಯ ಕಾಲದಿಂದ ಬಳಕೆಯ ಅಂಗಡಿ. ಹೊರಡುವ ಮುಂಚೆ ಅವಳು, “ಅಣ್ಣಾ, ಇನ್ನೊಂದು ವಾರಕ್ಕ ಬಜೆಟ್ ಐತಂತ. ಅದು ಮುಗಿದ ಮ್ಯಾಲೆ ಹೋಗೋಣೇನು?” ಎಂದಳು. ಪತ್ರಿಕೆ ಓದುವವನೆಂಬ ಜಂಬ ನನಗೆ. “ಬಜೆಟ್ಟಿನಾಗ ಬಂಗಾರ ಇಳಿದದ್ದು ಎಂದರ ಕೇಳಿಯೇನವ್ವ?” ಎಂದು ಬಾಯಿ ಮುಚ್ಚಿಸಿದೆ. ನನ್ನ ಮಾತಿಗೆ ಆಧಾರ ಇರಲಿಲ್ಲವೆಂದಲ್ಲ. ೨೦೧೨ರ ಆರಂಭದಲ್ಲಿ ನೂರಕ್ಕೆ ೨ ಇದ್ದ ಆಮದು ಸುಂಕ ಮರುವರ್ಷವೇ ೧೦ಕ್ಕೇರಿ, ೨೦೨೨ರ ಜುಲೈ ಹೊತ್ತಿಗೆ ೧೫ ಆಗಿತ್ತು. ನಡುವೆ ೨೦೨೧ರ ಬಜೆಟ್ಟಿನಲ್ಲಿ ಒಮ್ಮೆ ಇಳಿದದ್ದನ್ನು ಅನುಕೂಲವಾಗಿ ಮರೆತಿದ್ದೆ.

ಅಂಗಡಿಯವರು ದರ ಹೇಳಿದರು. ಸುಂಕದ ಮೇಲೆ ತಪ್ಪು ಹೊರಿಸಿದರು. ತಂಗಿ ತಕ್ಷಣ, “ಹಟ್ಟಿ ಇಲ್ಲೇ ಐತಲ್ರೀ. ಅಲ್ಲಿ ತೆಗೆದ ಬಂಗಾರ ಹಡಗು ಹತ್ತಿಲ್ಲ, ಇಳಿದಿಲ್ಲ. ಅದಕ್ಯಾಕ ಸುಂಕ?” ಎಂದಳು. ಅವರು ನಕ್ಕು ತಕ್ಕಡಿಯತ್ತ ತಿರುಗಿದರು. ನಾನೂ ಸುಮ್ಮನಾದೆ, ಉತ್ತರ ಹೊಳೆದದ್ದು ತಿರುಗಿ ಬರುವ ಬಸ್ಸಿನಲ್ಲಿ.

ಹಟ್ಟಿಯ ಚಿನ್ನಕ್ಕೆ ಯಾರೂ ಆಮದು ಸುಂಕ ಹಾಕುವುದಿಲ್ಲ, ನಿಜ. ಆದರೆ ಆ ಗಣಿ ಈಚಿನ ವರ್ಷಗಳಲ್ಲಿ ತೆಗೆದದ್ದು ವರ್ಷಕ್ಕೆ ಎರಡು ಟನ್ನಿಗೂ ಕಡಮೆ. ದೇಶ ಹೊರಗಿನಿಂದ ತರಿಸಿಕೊಂಡದ್ದು ಏಳುನೂರು ಟನ್ನಿನ ಆಸುಪಾಸು. ಬಂದರಿಗೆ ಬಂದಿಳಿದ ಬಂಗಾರ ಸುಂಕ ತೆತ್ತ ಮೇಲೆ ಯಾವ ಬೆಲೆಗೆ ನಿಲ್ಲುತ್ತದೆಯೋ ಅದೇ ಪೇಟೆಯ ಬೆಲೆ. ಮನೆಯ ಬಂಗಾರವನ್ನು ಅದಕ್ಕಿಂತ ಅಗ್ಗವಾಗಿ ಮಾರುವ ಧರ್ಮಾತ್ಮ ಯಾರು? ನಮ್ಮ ನೆರೆಯ ಗಣಿಯ ಚಿನ್ನ ಕಡಲನ್ನೇ ಕಾಣದೆ ಕಡಲಿನ ಬೆಲೆ ಪಡೆಯುತ್ತದೆ.

ಇನ್ನೊಂದು ವಿನೋದವಿದೆ. ಗಣಿಯಿಲ್ಲದ ದುಬೈಗೆ ರಿಯಾಯಿತಿ ಉಂಟು! ಸಂಯುಕ್ತ ಅರಬ್ ಸಂಸ್ಥಾನದೊಡನೆ ಆದ ಒಪ್ಪಂದ ೨೦೨೨ರ ಮೇ ೧ರಂದು ಜಾರಿಗೆ ಬಂತು. ಅದರಂತೆ ಅಲ್ಲಿಂದ ಬರುವ ಚಿನ್ನಕ್ಕೆ, ಐದನೆಯ ವರ್ಷಕ್ಕೆ ೨೦೦ ಟನ್ ಮುಟ್ಟುವ ಮಿತಿಯೊಳಗೆ, ಸುಂಕ ನೂರಕ್ಕೆ ಒಂದು ಕಡಮೆ. ಇದು ಸಾಲದೆಂದು ಜಾಣರು ಪ್ಲಾಟಿನಂ ದಾರಿ ಹಿಡಿದರು. ಸುಂಕದ ಪಟ್ಟಿಯಲ್ಲಿ ನೂರಕ್ಕೆ ಎರಡು ಪಾಲು ಪ್ಲಾಟಿನಂ ಇದ್ದರೆ ಸಾಕು, ಉಳಿದದ್ದು ಚಿನ್ನವಾದರೂ ಅದು ಪ್ಲಾಟಿನಂ ಮಿಶ್ರಲೋಹವೇ; ಅದಕ್ಕೆ ಆ ಒಪ್ಪಂದದಲ್ಲಿ ಆಗ ರಿಯಾಯಿತಿ ಇನ್ನೂ ದೊಡ್ಡದಾಗಿತ್ತು. ಎರಡು ಪಾಲು ನೀರು ಬೆರೆಸಿ ಇಡೀ ಕೊಡವನ್ನು ನೀರೆಂದು ಕರೆದು ದಾಟಿಸುವ ಹಾಲಿನವಳ ಉಪಾಯ.

ಜುಲೈ ೨೩ರಂದು ಬಜೆಟ್ಟು ಬಂತು. ಚಿನ್ನದ ಸುಂಕ ೧೫ರಿಂದ ೬ಕ್ಕೆ ಇಳಿಯಿತು. ಒಂದೆರಡು ದಿನದಲ್ಲಿ ಪೇಟೆಯಲ್ಲಿ ಹತ್ತು ಗ್ರಾಮಿಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಇಳಿಯಿತು. ನಾವು ಕೊಂಡದ್ದು ೫೦ ಗ್ರಾಂ. ಲೆಕ್ಕ ಮಾಡಲು ಕಾಗದ ಬೇಕಾಗಲಿಲ್ಲ. ಇಪ್ಪತ್ತು ಸಾವಿರವೆಂದರೆ ಎಷ್ಟು ಚೀಲ ಭತ್ತ ಎಂಬುದು ಅವಳಿಗೆ ಗೊತ್ತು, ನಾನು ಕೇಳಲಿಲ್ಲ.

ಮದುವೆ ಚೆನ್ನಾಗಿಯೇ ಆಯಿತು. ತಂಗಿ ಇಂದಿನವರೆಗೆ ಆ ಮಾತೆತ್ತಿಲ್ಲ. ಬಜೆಟ್ಟಿನ ದಿನ ಮಾತ್ರ ಒಲೆ ಆರಿಸಿ ಟಿವಿ ಮುಂದೆ ಬಂದು ಕೂರುತ್ತಾಳೆಂದು ಸೊಸೆ ಹೇಳಿದಳು.