ನಡೆದು ಮುಗಿಸಬಹುದಾದ ನಾಲ್ಕು ಊರುಗಳು

ಬೆಳಗಾವಿ ಜಿಲ್ಲೆಯ ದಕ್ಷಿಣ ಹಾಗೂ ಪೂರ್ವದ ಅಂಚಿನಲ್ಲಿ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳಿವೆ. ಪ್ರವಾಸಿಗರು ಮೊದಲನೆಯದಕ್ಕೆ ಕೋಟೆಗಾಗಿಯೂ, ಎರಡನೆಯದಕ್ಕೆ ರಾಣಿ ಚೆನ್ನಮ್ಮನ ಸಮಾಧಿಗಾಗಿಯೂ, ಮೂರನೆಯದಕ್ಕೆ ಎಲ್ಲಮ್ಮನ ದರ್ಶನಕ್ಕಾಗಿಯೂ ಹೋಗುತ್ತಾರೆ. ರಾಮದುರ್ಗಕ್ಕೆ ಬಹುಮಟ್ಟಿಗೆ ಕೆಲಸವಿದ್ದವರೇ ಹೋಗುವರು. ಈ ನಾಲ್ಕರಲ್ಲಿಯೂ ನೋಡತಕ್ಕ ಇನ್ನೊಂದು ವಸ್ತುವಿದೆ. ಅದಕ್ಕೆ ಟಿಕೇಟಿಲ್ಲ, ಫಲಕವಿಲ್ಲ. ಅದು ಊರಿನ ಪೇಟೆ.

ಇಲ್ಲಿ ಪೇಟೆಯೆಂದರೆ ಬರಿಯ ಅಂಗಡಿಸಾಲಲ್ಲ. ಬೀದಿಗೆ ಮುಖಮಾಡಿದ ಕಟ್ಟೆ, ಕಟ್ಟೆಯ ಮೇಲೆ ಅಂಗಡಿ, ಅಂಗಡಿಯ ಹಿಂದೆ ಪಡಸಾಲೆ, ಅದರಾಚೆ ಅಡಿಗೆಮನೆ ಮತ್ತು ಹಿತ್ತಲು. ಮಹಡಿಯಿದ್ದರೆ ಮೇಲೆ ಮಗ ಸೊಸೆಯರ ಕೋಣೆ. ಮೇಲ್ಮುದ್ದೆಯ ಮನೆಗಳು ವಿರಳವಾಗಿ ಸಿಮೆಂಟಿನ ಚಪ್ಪರಗಳು ಬಂದಿದ್ದರೂ ಈ ಕ್ರಮವು ಹಳೆಯ ಓಣಿಗಳಲ್ಲಿ ಇನ್ನೂ ಅಳಿದಿಲ್ಲ. ಕಿರಾಣಿ ಅಂಗಡಿಯವನು ಮಧ್ಯಾಹ್ನದ ಊಟಕ್ಕೆ ಏಳುವುದೆಂದರೆ ಒಂದು ಹೊಸ್ತಿಲನ್ನು ದಾಟುವುದಷ್ಟೆ. ಅಷ್ಟರಲ್ಲಿ ಅವನ ತಾಯಿ ಗಲ್ಲೆಯ ಮುಂದೆ ಬಂದು ಕುಳಿತಿರುತ್ತಾಳೆ. ಪತ್ತಾರನ ಸುತ್ತಿಗೆ, ಸಿಂಪಿಗನ ಯಂತ್ರ, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು, ಗುಡಿಯ ಗಂಟೆ, ಶಾಲೆ ಬಿಟ್ಟ ಮಕ್ಕಳ ಗದ್ದಲ ಇವೆಲ್ಲ ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ರಾತ್ರಿ ಅಂಗಡಿಗಳು ಮುಚ್ಚಿದ ಮೇಲೂ ಬೀದಿ ಬಿಕೋ ಎನ್ನುವುದಿಲ್ಲ, ಹಿಂದೆ ಮನೆಗಳಿವೆಯಲ್ಲ!

ಇದರಲ್ಲಿ ವಿಶೇಷವೇನು ಎಂದು ಊರವರು ನಕ್ಕಾರು. ಆದರೆ ಇದೇ ವಸ್ತುವನ್ನು ಜಗತ್ತಿನ ಬೇರೆ ಕಡೆಗಳಲ್ಲಿ ಅಪಾರ ಹಣ ತೆತ್ತು ಹೊಸದಾಗಿ ಕಟ್ಟಿಸಿಕೊಳ್ಳುತ್ತಿದ್ದಾರೆ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಉಪನಗರಗಳಲ್ಲಿ ಮನೆಗಳೆಲ್ಲ ಒಂದು ಕಡೆ, ಅಂಗಡಿಗಳೆಲ್ಲ ಮತ್ತೊಂದು ಕಡೆ ಎಂದು ವಿಂಗಡಿಸಿದರು. ಹಾಲು ತರುವುದಕ್ಕೂ ಕಾರು ಬೇಕಾಯಿತು. ಕೊಲರಾಡೊ ರಾಜ್ಯದ ಲೇಕ್‌ವುಡ್ ಅಂಥದೊಂದು ನಗರ. ಅಲ್ಲಿ 1966ರಲ್ಲಿ, ಸುತ್ತಲೂ ಕಾರು ನಿಲ್ಲಿಸುವ ಬಯಲಿದ್ದ ‘ವಿಲ್ಲಾ ಇಟಾಲಿಯಾ’ ಎಂಬ ಬೃಹತ್ ಮಳಿಗೆ ತೆರೆಯಿತು; 2001ರಲ್ಲಿ ಅದು ಮುಚ್ಚಿಹೋಯಿತು. ಆಗ ಊರಿನವರು ಅದನ್ನು ಕೆಡವಿಸಿ, ಆ ನೆಲದಲ್ಲಿ ಬೀದಿಗಳನ್ನು ಹಾಯಿಸಿ, ಕೆಳಗೆ ಅಂಗಡಿ ಮೇಲೆ ಮನೆ ಎಂಬ ರೀತಿಯಲ್ಲಿ ‘ಬೆಲ್‌ಮಾರ್’ ಎಂಬ ಪೇಟೆಯನ್ನು ಕಟ್ಟಿಸಿದರು. 2004ರಲ್ಲಿ ಅದು ತೆರೆದಾಗ ಆ ನಗರಕ್ಕೆ ಕಾಲ್ನಡಿಗೆಯ ನಡುಪೇಟೆಯೊಂದು ಬಂದಂತಾಯಿತು. ನಮ್ಮಲ್ಲಿ ಪೇಟೆ ಮೊದಲೇ ಇದೆ. ಅದನ್ನು ಉಳಿಸಿಕೊಳ್ಳುವ ಯೋಚನೆ ಮಾತ್ರ ಕಾಣುವುದಿಲ್ಲ.

ಕಿತ್ತೂರನ್ನೇ ನೋಡಿ. ಸೋಮವಾರ ಪೇಟೆ, ಗುರುವಾರ ಪೇಟೆ ಎಂಬ ಹೆಸರುಗಳು ಈಗಲೂ ಅಲ್ಲಿ ಬಳಕೆಯಲ್ಲಿವೆ. ವಾರದ ಹೆಸರನ್ನು ಪೇಟೆಗೆ ಇಡುವ ಪದ್ಧತಿ ಪುಣೆಯಲ್ಲಿಯೂ ಉಂಟು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದದ್ದು, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಕೈಸೇರಿದ್ದು ಎಲ್ಲರೂ ಬಲ್ಲ ಸಂಗತಿ. ಅರಮನೆ ಪಾಳುಬಿದ್ದಿತು, ಪೇಟೆ ಮಾತ್ರ ಬದುಕಿತು. ಈಗ ಅದನ್ನು ಸೆಳೆಯುತ್ತಿರುವುದು ಪುಣೆ–ಬೆಂಗಳೂರು ಹೆದ್ದಾರಿ. ಹೋಟೆಲು, ಪೆಟ್ರೋಲ್ ಪಂಪು, ಗ್ಯಾರೇಜುಗಳೆಲ್ಲ ಹೆದ್ದಾರಿಯ ಮಗ್ಗುಲನ್ನು ಹಿಡಿಯುತ್ತವೆ. ಇದರ ಮೇಲೆ ಧಾರವಾಡ–ಕಿತ್ತೂರು–ಬೆಳಗಾವಿ ಎಂಬ ಹೊಸ ರೈಲುಮಾರ್ಗಕ್ಕೂ ಮಂಜೂರಾತಿ ದೊರೆತಿದೆ. ರೈಲು ಬರಲಿ, ಬೇಡವೆಂದವರಾರು? ಆದರೆ ನಿಲ್ದಾಣದಿಂದ ಗುರುವಾರ ಪೇಟೆಗೆ ಒಬ್ಬ ಮುದುಕಿ ನೆರಳಿನಲ್ಲಿ ನಡೆದು ಬರಬಲ್ಲಳೇ ಎಂಬ ಪ್ರಶ್ನೆಯನ್ನು ನಕ್ಷೆ ಬರೆಯುವಾಗಲೇ ಕೇಳಬೇಕು. ಆಮೇಲೆ ಕೇಳಿದರೆ ಆಟೋರಿಕ್ಷಾ ಒಂದೇ ಉತ್ತರವಾಗುತ್ತದೆ.

ಬೈಲಹೊಂಗಲವು ಈ ನಾಲ್ಕರಲ್ಲಿ ದೊಡ್ಡದು. ಕರಿಯೆರೆಯ ನಾಡು, ಹತ್ತಿ ಅದರ ಹಳೆಯ ಬಾಳು. ಜಿನ್ನಿಂಗ್ ಕಾರ್ಖಾನೆ, ದಲಾಲಿ ಅಂಗಡಿ, ಅರಳೆಯ ಅಂಡಿಗೆ ಹೇರಿದ ಚಕ್ಕಡಿ ಇವುಗಳಿಂದಲೇ ಊರು ಬೆಳೆಯಿತು. ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯಿದೆ ಬಂದ ಮೇಲೆ ಸಗಟು ವ್ಯಾಪಾರವು ಮಾರುಕಟ್ಟೆಯ ಪ್ರಾಂಗಣಕ್ಕೆ ಸರಿಯಿತು. ಅದು ಸರಿಯಾದ ಕ್ರಮವೇ. ರೈತನಿಗೆ ತೂಕದಲ್ಲಿ ನ್ಯಾಯ ಬೇಕು. ಲಾರಿಗಳಿಗೆ ಓಣಿಯಲ್ಲಿ ಎಡೆಯಿಲ್ಲ. ಆದರೆ ಸಗಟು ಹೋಯಿತೆಂದು ಚಿಲ್ಲರೆಯನ್ನೂ ಓಡಿಸಬೇಕೆಂದು ಯಾರೂ ಹೇಳಿಲ್ಲ. ಹತ್ತಿ ಮಾರಿದ ರೈತನು ಆ ಹಣದಲ್ಲಿ ಹೆಂಡತಿಗೆ ಸೀರೆ, ಎತ್ತಿಗೆ ಹಗ್ಗ, ಮಗುವಿಗೆ ಔಷಧ ಕೊಂಡು, ಚೆನ್ನಮ್ಮನ ಸಮಾಧಿಗೆ ಕೈಮುಗಿದು ಬಸ್ಸು ಹತ್ತುವಷ್ಟು ಕೆಲಸ ಒಂದು ಸುತ್ತು ನಡಿಗೆಯಲ್ಲಿ ಮುಗಿಯಬೇಕು. ಪಟ್ಟಣದ ಯೋಜನೆಯನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ತೋರುವುದಿಲ್ಲ.

ಸವದತ್ತಿಯು ರಟ್ಟರ ಕಾಲದ ಸುಗಂಧವರ್ತಿ. ಊರೊಳಗಿನ ಕೋಟೆಯನ್ನು ಸಿರಸಂಗಿಯ ದೇಸಾಯಿ ಮನೆತನದವರು 18ನೆಯ ಶತಮಾನದಲ್ಲಿ ಕಟ್ಟಿಸಿದರು. ಇಲ್ಲಿಯ ಪೇಟೆಗೆ ಎರಡು ನಾಡಿಗಳಿವೆ. ಒಂದು ದಿನನಿತ್ಯದ್ದು, ಇನ್ನೊಂದು ಹುಣ್ಣಿಮೆಯದು. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ಎಲ್ಲಮ್ಮನ ಗುಡ್ಡದ ದಾರಿಗಳಲ್ಲಿ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಕಾಲ್ನಡಿಗೆಯವರ ಸಾಲು. ಭಂಡಾರದ ಹಳದಿ ಎಲ್ಲೆಲ್ಲೂ. ಆ ಕೆಲವು ದಿನಗಳ ವಾಹನಗಳನ್ನು ಲೆಕ್ಕಹಾಕಿ ವರ್ಷವಿಡೀ ಇರುವ ಬೀದಿಯನ್ನು ಒಡೆದು ಅಗಲಗೊಳಿಸುವುದು, ಮದುವೆಗೆ ಬರುವ ಬೀಗರ ಸಂಖ್ಯೆ ನೋಡಿ ಅಡಿಗೆಮನೆ ಕಟ್ಟಿಸಿದಂತೆ. ಜಾತ್ರೆಯ ಗಾಡಿಗಳು ಊರ ಹೊರಗೆ ನಿಲ್ಲಲಿ. ಒಳಗೆ ಜನ ನಡೆಯಲಿ.

ಅಗಲೀಕರಣದಲ್ಲಿ ಮೊದಲು ಹೋಗುವುದು ಕಟ್ಟೆ, ಬಳಿಕ ಬೇವಿನ ಮರ. ಕಟ್ಟೆ ಹೋದರೆ ಅಂಗಡಿ ಹೋಗುತ್ತದೆ. ಹಿಂದಿನ ಮನೆ ಗೋಡೆಯಿಲ್ಲದೆ ನಿಲ್ಲುತ್ತದೆ. 1914ರಲ್ಲಿ ಭಾರತಕ್ಕೆ ಬಂದು ಅನೇಕ ಪಟ್ಟಣಗಳನ್ನು ನಡೆದು ನೋಡಿದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡೆಸರು ಈ ಬಗೆಯ ದೊಡ್ಡ ಕೊಯ್ತವನ್ನು ಒಪ್ಪಲಿಲ್ಲ. ಬಿದ್ದ ಮನೆಯ ಜಾಗವನ್ನು ಬಯಲಾಗಿಸು, ಅಡ್ಡಬಂದ ಮೂಲೆಯನ್ನಷ್ಟೇ ತೆಗೆ, ಬಾವಿಯನ್ನೂ ಮರವನ್ನೂ ಉಳಿಸು ಎಂಬುದು ಅವರ ಮಾರ್ಗ. ನಮ್ಮಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಿದೆ. ಅದರಡಿ ಬರೆಯುವ ನಕ್ಷೆಗಳಲ್ಲಿ ವಾಸಕ್ಕೊಂದು ಬಣ್ಣ, ವ್ಯಾಪಾರಕ್ಕೊಂದು, ಉದ್ಯಮಕ್ಕೊಂದು. ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬಾಕೆ ಇಂಥ ವಿಂಗಡಣೆಯೇ ನಗರಗಳನ್ನು ಕೊಲ್ಲುತ್ತದೆಂದು ಪುಸ್ತಕ ಪ್ರಕಟಿಸಿದ್ದೂ 1961ರಲ್ಲಿಯೇ! ಪೇಟೆಯ ಮನೆಗೆ ಯಾವ ಬಣ್ಣ ಬಳಿಯುವುದು? ಊರ ಹೊರಗಿನ ಎನ್.ಎ. ಪ್ಲಾಟುಗಳಲ್ಲಿ ಉಪ್ಪು ತರಲು ಮೋಟಾರ್ ಸೈಕಲ್ ಏರಬೇಕಾದ ಬಡಾವಣೆಗಳು ಏಳುತ್ತಿವೆ. ಮೂಲೆಮೂಲೆಗೆ ಒಂದು ಅಂಗಡಿಕಟ್ಟೆಗೆ ಜಾಗ ಬಿಟ್ಟಿದ್ದರೆ ಅವಕ್ಕೂ ಪೇಟೆಯ ಕಳೆ ಬರುತ್ತಿತ್ತು. ಸಂತೆಯ ಕಾಯಿಪಲ್ಲೆಯವರ ಬುಟ್ಟಿಗೂ ನಕ್ಷೆಯಲ್ಲಿ ಸ್ಥಳ ಬೇಕು; 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆ ಕೇಳುವುದೂ ಅದನ್ನೇ.

ಹಾಗೆಂದು ಹಳೆಯ ಪೇಟೆಯನ್ನು ಹೊಗಳುತ್ತ ಕೂಡುವುದು ನ್ಯಾಯವಲ್ಲ. ಅದರ ಗಟಾರ ತೆರೆದಿದೆ. ಹಳ್ಳಿಯಿಂದ ಬಂದ ಹೆಂಗಸಿಗೆ ಶೌಚಾಲಯವಿಲ್ಲ. ಕಾಲುಹಾದಿಯ ಮೇಲೆ ಮೋಟಾರ್ ಸೈಕಲ್ಲುಗಳ ಸಾಲು. ಇದಕ್ಕಿಂತ ದೊಡ್ಡ ದೋಷವೆಂದರೆ, ಆ ಸುಂದರ ಕಟ್ಟೆಗಳನ್ನು ಹತ್ತುವ ಹಕ್ಕು ಎಲ್ಲರಿಗೂ ಇರಲಿಲ್ಲ. ಕೆಲವರ ಕೇರಿಗಳು ಅಗಸೆಯ ಹೊರಗೇ ಉಳಿದವು. ಹೊಸ ಯೋಜನೆಯು ಪೇಟೆಯ ನಡಿಗೆಯನ್ನು ಉಳಿಸಿ ಈ ದೂರವನ್ನು ಅಳಿಸಬೇಕು. ಕೇರಿಯ ಹುಡುಗನಿಗೂ ನಡುಬೀದಿಯಲ್ಲೊಂದು ಮಳಿಗೆ ಸಿಕ್ಕಬೇಕು.

ಈ ಮಾತೆಲ್ಲ ಅತ್ಯಂತ ಕಠಿಣವಾಗುವುದು ರಾಮದುರ್ಗದಲ್ಲಿ. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಇದೊಂದು ಪುಟ್ಟ ಸಂಸ್ಥಾನದ ರಾಜಧಾನಿ. ಇಲ್ಲಿಯೂ ನೆರೆಯ ಸುರೇಬಾನದಲ್ಲಿಯೂ ನೇಕಾರರು ಬಹಳ. ನೇಕಾರನಿಗೆ ಮನೆ ಬೇರೆ, ಕೆಲಸದ ತಾಣ ಬೇರೆ ಎಂಬುದಿಲ್ಲ, ಪಡಸಾಲೆಯಲ್ಲೇ ಮಗ್ಗ. ಗಂಡ ನೇಯುತ್ತಿದ್ದರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ. ಊರ ಮಗ್ಗುಲಲ್ಲೇ ಮಲಪ್ರಭೆ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ನೀರು ಹರಿದುಬಂದಾಗ ತಗ್ಗಿನ ಓಣಿಗಳಿಗೆ ನುಗ್ಗಿತು. ನೀರಿನಲ್ಲಿ ನೆನೆದ ಮಗ್ಗ ಬೇಗ ಬಾಳಿಗೆ ಮರಳುವ ವಸ್ತುವಲ್ಲ.

ತಗ್ಗಿನವರು ಎತ್ತರಕ್ಕೆ ಹೋಗಬೇಕೆಂಬುದರಲ್ಲಿ ಸಂಶಯವಿಲ್ಲ. ಆದರೆ ಎಷ್ಟು ದೂರ? 2009ರ ನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಕಟ್ಟಿದ ಎಷ್ಟೋ ಮನೆಗಳಿಗೆ ಜನ ಹೋಗಲಿಲ್ಲ. ಹೊಲ ದೂರ, ದನಕ್ಕೆ ಎಡೆಯಿಲ್ಲ, ಸಂತೆಗೆ ದಾರಿಯಿಲ್ಲ. ನೇಕಾರನಿಗೆ ಬೇಕಾದದ್ದು ಮಗ್ಗ ಹಿಡಿಸುವ ಪಡಸಾಲೆ, ನೂಲು ಹರವಲು ಉದ್ದನೆಯ ಬಯಲು, ಸೀರೆ ಹೊತ್ತುಕೊಂಡು ಕಾಲ್ನಡಿಗೆಯಲ್ಲಿ ಮುಟ್ಟಬಹುದಾದ ಪೇಟೆ. ನಾಲ್ಕು ಗೋಡೆಯ ಒಂದೇ ಅಳತೆಯ ಮನೆಗಳನ್ನು ಮೈಲಿಗಟ್ಟಲೆ ಆಚೆ ಸಾಲಾಗಿ ನಿಲ್ಲಿಸಿದರೆ, ಮುಂದಿನ ಮಳೆಗಾಲದಲ್ಲಿ ಅವನು ಮತ್ತೆ ನದಿಯ ದಂಡೆಯ ಓಣಿಯಲ್ಲಿಯೇ ಇರುತ್ತಾನೆ.